ಪಲ್ಲಕ್ಕಿ ಏರಿ ಬರುವ ಸಸಿ

ಹೌರಾದಲ್ಲಿ ರೈಲು ಹತ್ತಿ ಸುಮಾರು 150 ಕಿ.ಮೀ. ಸಾಗಿದರೆ ಬೋಲ್‌ಪುರ. ಅಲ್ಲಿಂದ 'ಟೋಟೊ' ಎನ್ನುವ ಬ್ಯಾಟರಿ ರಿಕ್ಷಾ ಹಿಡಿದರೆ ಶಾಂತಿನಿಕೇತನ. ಇಳಿದ ಕೂಡಲೇ ಎದುರುಗೊಳ್ಳುವುದು ನೆರಳು. ಮಾವಿನ ತೋಪು, ಸಾಲವೃಕ್ಷಗಳ ಬೀದಿ, ರೆಂಜೆ ಮರಗಳು. ಇದೆಲ್ಲ ಮೊದಲಿನಿಂದ ಇದ್ದ ಕಾಡು ಎಂದುಕೊಂಡರೆ ತಪ್ಪಾಗುತ್ತದೆ. ಈ ನೆಲದ ಹಳೆಯ ಮುಖ ನೋಡಲು ಸ್ವಲ್ಪ ಆಚೆ, 'ಖೊಯಾಯಿ'ಯ ಕಡೆ ಹೋಗಬೇಕು. ಮಳೆನೀರು ಕೊರೆದು ಕೊರೆದು ಬಿಟ್ಟ ಕೆಂಪು ಕೊರಕಲುಗಳು ಅಲ್ಲಿ ಉದ್ದಕ್ಕೂ ಬಿದ್ದಿವೆ. ನಮ್ಮ ಕರಾವಳಿಯ ಮುರಕಲ್ಲಿನ ಬೋಳುಗುಡ್ಡ ಕಂಡವರಿಗೆ ಆ ನೆಲದ ಗುಣ ಹೇಳಿಕೊಡಬೇಕಿಲ್ಲ. ಗುಂಡಿ ತೋಡಿದರೆ ಹಾರೆಗೆ ತಾಗುವುದು ಜಲ್ಲಿಯಂಥ ಮಣ್ಣು.

ದೇವೇಂದ್ರನಾಥ ಠಾಕೂರರು 1863ರಲ್ಲಿ ಇಲ್ಲಿ 20 ಬಿಘಾ ಜಾಗ ಪಡೆದಾಗ ಹೇಳಿಕೊಳ್ಳುವಂತೆ ಇದ್ದದ್ದು ಎರಡು 'ಛಾತಿಮ್' ಮರಗಳು. ಅವರ ಮಗ ರವೀಂದ್ರನಾಥರು 1901ರ ಡಿಸೆಂಬರ್‌ನಲ್ಲಿ ಐದು ಮಕ್ಕಳನ್ನು ಕೂರಿಸಿಕೊಂಡು ಶಾಲೆ ತೆರೆದರು. ಮುಂದೆ 1921ರಲ್ಲಿ ಅದೇ ಅಂಗಳದಿಂದ ವಿಶ್ವಭಾರತಿ ಹುಟ್ಟಿತು. 2023ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಆದರೆ ನನ್ನ ಕಣ್ಣು ನಿಲ್ಲುವುದು ಇಲ್ಲಿನ ಶಾಲೆ ಪಾಠಭವನದ ಮಕ್ಕಳ ಮೇಲೆ. ಕೈಯಲ್ಲಿ ತಮ್ಮ ತಮ್ಮ ಆಸನ ಹಿಡಿದು ಬರುತ್ತಾರೆ, ಮರದ ಬುಡದಲ್ಲಿ ಹಾಸಿ ಕೂರುತ್ತಾರೆ. ಮೇಷ್ಟ್ರಿಗೊಂದು ಕಟ್ಟೆ. ಮಳೆ ಬಂದರೆ ಎಲ್ಲರೂ ಎದ್ದು ಸೂರಿನ ಕೆಳಗೆ. ಇಲ್ಲಿ ಮರವೇ ತರಗತಿಯ ಕೋಣೆ. ತಮ್ಮ ಕೋಣೆ ಒಣಗಲು ಯಾವ ಮಗು ಬಿಟ್ಟೀತು?

1928ರ ಜುಲೈ 14ರಂದು ಇಲ್ಲಿ ನಡೆದ ವೃಕ್ಷಾರೋಪಣ ಅಂಥದ್ದೇ ಮನಸ್ಸಿನಿಂದ ಹುಟ್ಟಿದ್ದು. ರವೀಂದ್ರರ ಸೊಸೆ ಪ್ರತಿಮಾದೇವಿಯವರು ಕುಂಡದಲ್ಲಿ ಬೆಳೆಸಿದ್ದ ರೆಂಜೆ ಸಸಿಯನ್ನೇ ಆ ದಿನ ನೆಟ್ಟರು. ಅಂದಿನಿಂದ ಬೆಳೆದುಬಂದ ಹಬ್ಬದಲ್ಲಿ ಹಳದಿ ಉಡುಗೆಯ ಮಕ್ಕಳು ಹಾಡುತ್ತ, ಕುಣಿಯುತ್ತ, ಅಲಂಕರಿಸಿದ ಪಲ್ಲಕ್ಕಿಯಲ್ಲಿ ಸಸಿಯನ್ನು ಮೆರವಣಿಗೆಯಲ್ಲಿ ತರುತ್ತಾರೆ. ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶಗಳಾಗಿ ಐವರು ನಿಂತು ಸಸಿಯನ್ನು ಹರಸುತ್ತಾರೆ. ಮರುದಿನ ಪಕ್ಕದ ಶ್ರೀನಿಕೇತನದಲ್ಲಿ ನೇಗಿಲು ಹೂಡುವ ಹಲಕರ್ಷಣ. ಅದನ್ನು ನಂದಲಾಲ್ ಬಸು ಅಲ್ಲಿನ ಗೋಡೆಯ ಮೇಲೆ ಚಿತ್ರವಾಗಿ ಬಿಡಿಸಿದ್ದಾರೆ. ದೇಶ ವನಮಹೋತ್ಸವ ಆರಂಭಿಸಿದ್ದು 1950ರಲ್ಲಿ, ಕೆ. ಎಂ. ಮುನ್ಷಿ ಸಚಿವರಾಗಿದ್ದಾಗ. ಶಾಲೆಯೊಂದು ಆ ಕೆಲಸಕ್ಕೆ 22 ವರ್ಷ ಮೊದಲೇ ಕೈ ಹಾಕಿತ್ತು.

ಈಗ ವೃಕ್ಷಾರೋಪಣ ನಡೆಯುವುದು ಬಂಗಾಳಿ ಶ್ರಾವಣದ 22ನೇ ದಿನ, ಅಂದರೆ ಆಗಸ್ಟ್ ಎರಡನೇ ವಾರದ ಹೊತ್ತಿಗೆ. 1941ರಲ್ಲಿ ರವೀಂದ್ರರು ತೀರಿಕೊಂಡ ದಿನ ಅದು. ಸಾವಿನ ದಿನವನ್ನು ಸಸಿ ನೆಟ್ಟು ನೆನೆಯುವುದು ನನಗೆ ತುಂಬ ಹಿಡಿಸಿದ ಸಂಗತಿ. ಅದರಲ್ಲಿ ತೋಟಗಾರಿಕೆಯ ಜಾಣತನವೂ ಇದೆ. ಅಷ್ಟು ಹೊತ್ತಿಗೆ ಮಳೆ ಕೂತು ಮಣ್ಣು ಆಳದವರೆಗೆ ನೆಂದಿರುತ್ತದೆ. ನಮ್ಮ ಶಾಲೆಗಳ ಇಕೋ ಕ್ಲಬ್‌ಗಳು ಜೂನ್ 5ರ ಪರಿಸರ ದಿನಕ್ಕೇ ಅಂಟಿಕೊಂಡಿವೆ. ಮುಂಗಾರು ತಡವಾದ ವರ್ಷ ಬಯಲುಸೀಮೆಯಲ್ಲಿ ಆ ದಿನ ಗುಂಡಿಯ ಮಣ್ಣು ಇನ್ನೂ ಕಾದೇ ಇರುತ್ತದೆ. ಫೋಟೊ ಬರುತ್ತದೆ, ಬೇರು ಬರುವುದಿಲ್ಲ. ಇನ್ನು ಏಪ್ರಿಲ್–ಮೇ ರಜೆ. ಸುಮಾರು ಒಂದೂವರೆ ತಿಂಗಳು ಗೇಟಿಗೆ ಬೀಗ. ಎಳೆಯ ಗಿಡ ಸಾಯುವುದು ಆಗಲೇ. ಊರಿನಲ್ಲೇ ಇರುವ ನಾಲ್ಕು ಮಕ್ಕಳಿಗೆ ಸರದಿ ಹಚ್ಚಿ, ಗಿಡದ ಪಕ್ಕ ತೂತಿನ ಮಡಕೆ ಹೂತು ನೀರು ತುಂಬಿಸಿ, ಬುಡಕ್ಕೆ ತರಗೆಲೆ ಮುಚ್ಚಿದರೆ ಆ ಬೇಸಿಗೆ ದಾಟುತ್ತದೆ. ಬಿಸಿಯೂಟದ ತಟ್ಟೆ ತೊಳೆದ ನೀರನ್ನು ಬಾಳೆ, ನುಗ್ಗೆಯ ಬುಡಕ್ಕೆ ತಿರುಗಿಸಿದ ಶಾಲೆಗಳ ಕೈತೋಟ ನೋಡಿ, ಸೊಪ್ಪಿನ ಮಡಿ ಹೇಗೆ ನಳನಳಿಸುತ್ತಿರುತ್ತದೆ!

ಮತ್ತೆ ಛಾತಿಮ್ ಮರಕ್ಕೆ ಬರುತ್ತೇನೆ. ಅದು ನಮ್ಮ ಹಾಲೆ ಮರ, ತುಳುವರ ಪಾಲೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು ಕಷಾಯ ಕುಡಿಯುತ್ತಾರಲ್ಲ, ಅದೇ. ಬಂಗಾಳದ ಶ್ರಾವಣವೂ ತುಳುನಾಡಿನ ಆಟಿಯೂ ಒಂದೇ ಸೌರಮಾಸ. ಹಿಂದೆ ಮಕ್ಕಳ ಬರೆಯುವ ಹಲಗೆಗೆ ಇದರ ಮರ ಬಳಸುತ್ತಿದ್ದುದರಿಂದ ಸಸ್ಯಶಾಸ್ತ್ರದಲ್ಲಿ ಇದರ ಹೆಸರಿಗೆ 'ಸ್ಕಾಲರಿಸ್' ಎಂಬ ಪದ ಸೇರಿದೆ. ವಿಶ್ವಭಾರತಿಯ ಘಟಿಕೋತ್ಸವದಲ್ಲಿ ಪದವಿ ಪಡೆದವರ ಕೈಗೆ ಇದೇ ಮರದ ಏಳೆಲೆಯ ಗೊಂಚಲು ಕೊಡುವ ಸಂಪ್ರದಾಯವಿತ್ತು.

1928ರ ಆ ಹಬ್ಬಕ್ಕೆಂದು ರವೀಂದ್ರರು 'ಬಲಾಯ್' ಎಂಬ ಕತೆ ಬರೆದು ಓದಿದರು. ದಾರಿಯ ನಡುವೆ ತಾನಾಗಿ ಹುಟ್ಟಿದ ಬೂರುಗದ ಗಿಡವನ್ನು ಹುಡುಗನೊಬ್ಬ ಚಿಕ್ಕಮ್ಮನನ್ನು ಕಾಡಿಬೇಡಿ ಉಳಿಸಿಕೊಳ್ಳುತ್ತಾನೆ. ಓದಿಗೆಂದು ಅವನು ದೂರದ ಊರಿಗೆ ಹೋದ ಮೇಲೆ ಚಿಕ್ಕಪ್ಪ ಮರ ಕಡಿಸಿಬಿಡುತ್ತಾನೆ. ಇದನ್ನು ಅರಿಯದ ಹುಡುಗ ಕಾಗದ ಬರೆಯುತ್ತಾನೆ, ನನ್ನ ಮರದ ಒಂದು ಫೋಟೊ ಕಳಿಸಿ ಎಂದು. ಚಿಕ್ಕಮ್ಮ ಎರಡು ದಿನ ಊಟ ಮುಟ್ಟುವುದಿಲ್ಲ. ಸಸಿ ನೆಡಲು ಸೇರಿದ್ದ ಮಕ್ಕಳು ಅಂದು ಕೂತು ಕೇಳಿದ್ದು ಈ ಕತೆಯನ್ನು.