ನಾಣ್ಯ ಕೊಳ್ಳುವ ಮೊದಲು ತೂಕ ಕೇಳಿ

ಊರಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿ ಕಂಡಿದ್ದ ವಿಕ್ಟೋರಿಯಾ ರೂಪಾಯಿಯ ಆಸೆಗೆ, ಡೊಂಬಿವಲಿಗೆ ಬಂದ ಮೇಲೆ ಆನ್‌ಲೈನಿನಲ್ಲಿ ಒಂದನ್ನು ತರಿಸಿದೆ. ಪರಿಚಯದ ಅಕ್ಕಸಾಲಿಗರು ತೂಗಿದರೆ ಒಂಬತ್ತೇ ಗ್ರಾಂ! ಅಸಲಿ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಸವೆದರೂ ಇಷ್ಟು ಇಳಿಯದು. ದುಡ್ಡು ಹೋಯಿತು, ಬುದ್ಧಿ ಬಂತು.

ಹೊಸ ಸಂಗ್ರಹಕಾರರಿಗೆ ನನ್ನ ಕಿವಿಮಾತು: ಎರಡೂ ಬದಿಯ ಫೋಟೊ, ತೂಕ, ವ್ಯಾಸ ಕೇಳಿ ಪಡೆಯಿರಿ. ನಕಲಿಯಾದರೆ ಹಿಂದಕ್ಕೆ ಪಡೆಯುತ್ತೇನೆಂದು ಬರೆದು ಕೊಡದವರಿಂದ ಕೊಳ್ಳಬೇಡಿ. ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಕೆತ್ತಿದ ಹನುಮಂತನ ಬಿಲ್ಲೆಗಳು ಕಂಪನಿಯ ನಾಣ್ಯಗಳೇ ಅಲ್ಲ. ‘ನಿಮ್ಮ ಹಳೆ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ’ ಎಂದರೆ ಫೋನ್ ಇಟ್ಟುಬಿಡಿ. ರಿಸರ್ವ್ ಬ್ಯಾಂಕ್ 2021ರಲ್ಲೇ ಈ ಬಗ್ಗೆ ಎಚ್ಚರಿಸಿದೆ.

ನನ್ನ ನಕಲಿಯನ್ನು ಯಾರಿಗೂ ದಾಟಿಸಿಲ್ಲ. ಕೇಳಿಕೊಂಡು ಬರುವ ಹುಡುಗರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ.