ಸೆಕೆಂಡಿಗೆ 300 ಸುತ್ತು!

ಮಕ್ಕಳೇ, ಸೈಕಲ್ಲಿನ ಡೈನಮೋ ನೋಡಿದ್ದೀರಾ? ಇಲ್ಲವಾದರೆ ಅಜ್ಜನನ್ನು ಕೇಳಿ. ಗಾಲಿಗೆ ಮುಖ ಒತ್ತಿಕೊಂಡು ಗಿರ್ರೆಂದು ತಿರುಗುವ, ಚಿಕ್ಕ ಸೀಸೆಯಂಥ ಸಾಮಾನು ಅದು. ಇಳಿಜಾರಿನಲ್ಲಿ ಸೈಕಲ್ ಓಡಿದರೆ ದೀಪ ಝಗ್ಗೆನ್ನುತ್ತಿತ್ತು. ಏರಿನಲ್ಲಿ ಏದುಸಿರು ಬಿಡುತ್ತ ತುಳಿದರೆ ಬರೀ ಮಿಣುಕುಹುಳ. ಒಳಗಿರುವುದು ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ. ಬೇಗ ತಿರುಗಿದಷ್ಟೂ ಹೆಚ್ಚು ವಿದ್ಯುತ್ತು. ದೊಡ್ಡ ಜನರೇಟರುಗಳ ಗುಟ್ಟೂ ಇದೇ.

ನಾನು ಮಂಗಳೂರಿನವನು. ಸರಕು ಹಡಗುಗಳಲ್ಲಿ ಎಲೆಕ್ಟ್ರಿಕಲ್ ಆಫೀಸರ್ ಆಗಿ ದುಡಿದು ಈಗ ಮನೆಯಲ್ಲಿದ್ದೇನೆ. ನಡುಗಡಲಿಗೆ ಮೆಸ್ಕಾಂನವರ ಕಂಬ ಬರುವುದಿಲ್ಲವಲ್ಲ! ದೀಪ, ಅಡುಗೆಮನೆ, ರಾಡಾರ್, ಚುಕ್ಕಾಣಿ ತಿರುಗಿಸುವ ಪಂಪು, ಎಲ್ಲಕ್ಕೂ ಬೇಕಾದ ಕರೆಂಟನ್ನು ಹಡಗೇ ಹುಟ್ಟಿಸಿಕೊಳ್ಳಬೇಕು. ಹಡಗಿನಲ್ಲಿ ಜಾಗವೋ ಬಲು ದುಬಾರಿ. ಯಂತ್ರ ಚಿಕ್ಕದಿರಬೇಕು, ಕೆಲಸ ದೊಡ್ಡದಾಗಬೇಕು. ಹಾಗಾದರೆ ಅದು ವೇಗವಾಗಿ ತಿರುಗಲೇಬೇಕು.

ಈ ವೇಗವನ್ನು ಪಳಗಿಸಿದವರು ಚಾರ್ಲ್ಸ್ ಪಾರ್ಸನ್ಸ್. ಹುಟ್ಟಿದ್ದು 1854ರಲ್ಲಿ. ತಂದೆ ಐರ್ಲೆಂಡಿನ ದೊಡ್ಡ ಜಮೀನ್ದಾರರು, ತಮ್ಮ ಅಂಗಳದಲ್ಲೇ ಭಾರೀ ದೂರದರ್ಶಕ ಕಟ್ಟಿಸಿದ್ದವರು. ಬಾಲಕ ಚಾರ್ಲ್ಸ್ ಶಾಲೆಗೇ ಹೋಗಲಿಲ್ಲ, ಮನೆಪಾಠ. (ಇದನ್ನು ಓದಿ ನಾಳೆ ಶಾಲೆಗೆ ಚಕ್ಕರ್ ಹೊಡೆಯಬೇಡಿ, ಮುಂದೆ ಅವರು ಕೇಂಬ್ರಿಜ್‌ನಲ್ಲಿ ಗಣಿತ ಓದಿದರು!) 1884ರಲ್ಲಿ ಇಂಗ್ಲೆಂಡಿನ ಗೇಟ್ಸ್‌ಹೆಡ್ ಪಟ್ಟಣದ ಕ್ಲಾರ್ಕ್ ಚಾಪ್‌ಮನ್ ಕಂಪನಿ ಸೇರಿದರು. ಅಲ್ಲಿ ಅವರ ಪಾಲಿಗೆ ಬಂದದ್ದು ಹಡಗುಗಳಿಗೆ ವಿದ್ಯುತ್ ದೀಪ ಹಾಕುವ ವಿಭಾಗ.

ಆಗಿನ ಉಗಿಯಂತ್ರ ನಿಧಾನಸ್ಥ. ಡೈನಮೋಗೆ ಬೇಕಾದದ್ದು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು. ಹಾಗಾಗಿ ದೊಡ್ಡ ಚಕ್ರದಿಂದ ಚಿಕ್ಕ ಚಕ್ರಕ್ಕೆ ಪಟ್ಟಿ ಕಟ್ಟಿ ವೇಗ ಹೆಚ್ಚಿಸುತ್ತಿದ್ದರು. ಹಿಂದಿನ ಹಿಟ್ಟಿನ ಗಿರಣಿಯ ಬೆಲ್ಟ್ ನೆನಪಿದೆಯಲ್ಲ, ಅಜ್ಜ ಅಜ್ಜಿಯರೇ? ಅದೇ ಥರ. ಪಾರ್ಸನ್ಸ್ ಪಟ್ಟಿಯನ್ನೇ ತೆಗೆದುಹಾಕಿದರು. ಉಗಿಯನ್ನು ನೇರವಾಗಿ ಅಲಗುಗಳ ಮೇಲೆ ಹಾಯಿಸಿ, ಅದೇ ಅಚ್ಚಿಗೆ ಡೈನಮೋ ಜೋಡಿಸಿದರು. ಆದರೆ ಒತ್ತಡದ ಉಗಿ ಒಮ್ಮೆಲೇ ನುಗ್ಗಿದರೆ ಅದರ ವೇಗಕ್ಕೆ ಯಾವ ಚಕ್ರವೂ ತಾಳದು. ಅದಕ್ಕೇ ಜಲಪಾತವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದಂತೆ, ಉಗಿಯ ಒತ್ತಡವನ್ನು ಸಾಲು ಸಾಲು ಅಲಗುಗಳ ನಡುವೆ ಸ್ವಲ್ಪ ಸ್ವಲ್ಪವೇ ಇಳಿಸಿದರು. ಅಷ್ಟು ನಿಧಾನಿಸಿದ ಮೇಲೂ ಯಂತ್ರ ತಿರುಗಿದ್ದು ನಿಮಿಷಕ್ಕೆ 18,000 ಸುತ್ತು!

ಕವಣೆ ಬೀಸಿದವರಿಗೆ ಗೊತ್ತು, ಬೇಗ ಬೀಸಿದಷ್ಟೂ ಕಲ್ಲು ಕೈಯನ್ನು ಹೊರಕ್ಕೆ ಜಗ್ಗುತ್ತದೆ. 18,000 ಸುತ್ತಿನಲ್ಲಿ, ಅಚ್ಚಿನಿಂದ 4 ಸೆಂಟಿಮೀಟರ್ ದೂರದಲ್ಲಿರುವ ಒಂದೇ ಒಂದು ಗ್ರಾಂ ತಾಮ್ರ 14 ಕಿಲೋ ಭಾರದಷ್ಟು ಜೋರಾಗಿ ಜಗ್ಗುತ್ತದೆ. ನಾನೇ ಲೆಕ್ಕ ಹಾಕಿ ನೋಡಿದ್ದೇನೆ. ಸುರುಳಿ ಸಿಡಿದು ಚೂರಾಗದಂತೆ ಪಾರ್ಸನ್ಸ್ ಅದರ ಮೇಲೆ ಗಟ್ಟಿ ತಂತಿಯನ್ನು ಒತ್ತೊತ್ತಾಗಿ ಬಿಗಿದು ಸುತ್ತಿದರು. ಇನ್ನೊಂದು ಉಪಾಯ ನನಗೆ ಅದಕ್ಕಿಂತ ಇಷ್ಟ. ಬುಗುರಿ ಜೋರಾಗಿ ತಿರುಗುವಾಗ ತೂರಾಡದೆ, ತನ್ನ ನಡುವನ್ನು ತಾನೇ ಹುಡುಕಿಕೊಂಡು ನಿಲ್ಲುತ್ತದಲ್ಲ? ಅಚ್ಚಿಗೂ ಹಾಗೆ ಮಾಡಲು ಬಿಟ್ಟರು. ಬೇರಿಂಗನ್ನು ಬಿಗಿಯಾಗಿ ಹಿಡಿಯದೆ, ಸುತ್ತ ಬಿಲ್ಲೆಗಳನ್ನು ಸ್ಪ್ರಿಂಗಿನಿಂದ ಒತ್ತಿಟ್ಟು, ಕೂದಲೆಳೆಯಷ್ಟು ಅಲುಗಾಡಲು ಅವಕಾಶ ಕೊಟ್ಟರು. ನಡುಕ ನಿಂತಿತು. ಬಿಗಿ ಹಿಡಿದಿದ್ದರೆ ಮುರಿಯುತ್ತಿತ್ತು.

ಆ ಮೊದಲ ಯಂತ್ರದ ಶಕ್ತಿ 7.5 ಕಿಲೋವಾಟ್. ಈಗ ಅದು ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿದೆ. ಅದರ ಸಂತತಿ ಮಾತ್ರ ಬೆಳೆದು ದೈತ್ಯವಾಗಿದೆ. ನಮ್ಮ ರಾಯಚೂರಿನ ಶಾಖೋತ್ಪನ್ನ ಕೇಂದ್ರದ 210 ಮೆಗಾವಾಟ್ ಘಟಕಗಳೂ ಅದೇ ವಂಶದವು, ನಿಮಿಷಕ್ಕೆ 3,000 ಸುತ್ತು. ಪಾರ್ಸನ್ಸ್ ತೀರಿಕೊಂಡದ್ದು 1931ರಲ್ಲಿ, ಜಮೈಕಾ ಬಂದರಿನಲ್ಲಿ ನಿಂತಿದ್ದ ಹಡಗಿನಲ್ಲೇ.

ನಾನಿದ್ದ ಹಡಗಿನಲ್ಲಿ ಮುಖ್ಯ ಜನರೇಟರುಗಳು ಡೀಸೆಲ್ಲಿನವು, ನಿಮಿಷಕ್ಕೆ 720 ಸುತ್ತಿನ ಗಂಭೀರ ಆನೆಗಳು. ಮೇಲಿನ ಡೆಕ್ಕಿನ ಕೋಣೆಯಲ್ಲಿ 1,800 ಸುತ್ತಿನ ಇನ್ನೊಂದು ಪುಟ್ಟ ಯಂತ್ರವಿತ್ತು. ತುರ್ತಿಗೆ ಮಾತ್ರ ಏಳಬೇಕಾದದ್ದು. ಕೆಳಗೆ ನೀರು ನುಗ್ಗಿದರೂ ಬೆಳಕು ಉಳಿಯಲೆಂದು ಅದಕ್ಕೆ ಮೇಲೆ ಜಾಗ. ಕರೆಂಟು ಹೋದ 45 ಸೆಕೆಂಡಿನೊಳಗೆ ಅದು ತಾನಾಗಿ ಎದ್ದು ಕೆಲಸ ಶುರುಮಾಡಬೇಕೆಂದು ಅಂತಾರಾಷ್ಟ್ರೀಯ ನಿಯಮವಿದೆ.

ಒಂದು ರಾತ್ರಿ ಮಲಕ್ಕಾ ಜಲಸಂಧಿಯಲ್ಲಿ, ಇಂಧನದ ಕೊಳೆ ಫಿಲ್ಟರಿನಲ್ಲಿ ಕಟ್ಟಿಕೊಂಡು ಆನೆಗಳು ಮಲಗಿಬಿಟ್ಟವು. ಹಡಗಿನಲ್ಲಿ ಸದಾ ಇರುವ ಆ ಗುಂಯ್ ಸದ್ದು ನಿಂತಾಗಿನ ಮೌನವನ್ನು ಹೇಗೆ ಹೇಳಲಿ! ಕಗ್ಗತ್ತಲು. ಎಡಬಲಕ್ಕೆ ಬೇರೆ ಹಡಗುಗಳ ದೀಪ. ಚುಕ್ಕಾಣಿ ಇದ್ದಲ್ಲೇ ನಿಂತಿದೆ. ನಾನು ಕೈದೀಪ ಹಿಡಿದು, ಏಣಿ ಹತ್ತುತ್ತ, ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹದಿನೇಳು, ಹದಿನೆಂಟು... ಹತ್ತೊಂಬತ್ತಕ್ಕೆ ಮೇಲಿನಿಂದ ಭರ್ರೆಂದು ಸದ್ದು. ಇಪ್ಪತ್ತಮೂರಕ್ಕೆ ಏಣಿಯ ಪಕ್ಕದ ದೀಪ ಹತ್ತಿತು, ಚುಕ್ಕಾಣಿಗೆ ಜೀವ ಬಂತು.

ಫಿಲ್ಟರು ಬದಲಿಸಿ ಮುಖ್ಯ ಯಂತ್ರಗಳನ್ನು ಎಬ್ಬಿಸಲು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಮೇಲಿನ ಪುಟ್ಟದ್ದು ಒಂದೇ ಉಸಿರಿನಲ್ಲಿ ಓಡುತ್ತಲೇ ಇತ್ತು.