ಹೊಸ್ತಿಲು ದಾಟೋಕೂ ಸರ್ಕಾರದ ದುಡ್ಡು!

ಹೊಸ್ತಿಲಿಲ್ಲದ್ದು ಮನೆಯೇ ಅಲ್ಲ ಅನ್ನೋದು ನಮ್ಮ ಕಡೆಯ ಮಾತು. ಆದರೆ ಗಡಿಯಲ್ಲಿ ಕಾಲು ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಊರಿಗೆ ಬಂದ ಯೋಧನಿಗೆ ಅದೇ ಮೂರಂಗುಲದ ಮರ ಕೋಟೆಗೋಡೆ. ಪಿಂಚಣಿ ತಿಂಗಳಿಗೆ ಸರಿಯಾಗಿ ಬಂದೀತು, ಬಚ್ಚಲಿಗೆ ಮಾತ್ರ ಹೆಂಡತಿ ಮಕ್ಕಳೇ ಹೊತ್ತೊಯ್ಯಬೇಕು. ಸ್ಟೇಷನ್ನಿನಲ್ಲಿ ಹಾರ ಹಾಕಿದವರು ಬಚ್ಚಲ ಬಾಗಿಲಿನ ಅಗಲ ಕೇಳುತ್ತಾರೆಯೇ?

ಅಮೆರಿಕದವರು ಕೇಳಿದರು. ಅದೂ ಎರಡನೇ ಮಹಾಯುದ್ಧ ಆದಮೇಲೆ. ಮೊದಲ ಯುದ್ಧದಲ್ಲಿ ಬೆನ್ನುಹುರಿಗೆ ಏಟು ಬಿದ್ದವರು ಬದುಕಿದ್ದೇ ಕಡಿಮೆ. ಪೆನಿಸಿಲಿನ್ ಬಂದಮೇಲೆ ಬದುಕಿದರು. ಬದುಕಿದವರು ಇರೋದೆಲ್ಲಿ? 1948ರಲ್ಲಿ ಕಾನೂನಾಯಿತು: ಅಂಥವರಿಗೆ ಹೊಂದುವ ಮನೆಯ ಖರ್ಚಿನಲ್ಲಿ ಅರ್ಧ, 10,000 ಡಾಲರ್ ಮೀರದಂತೆ, ಸರ್ಕಾರದ್ದು. ಸಾಲವಲ್ಲ ಸ್ವಾಮಿ, ಸಹಾಯಧನ.

ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ ಕೆನೆತ್ ಲಾರೆಂಟ್ ಅಂತ ಒಬ್ಬರಿದ್ದರು. ನೌಕಾಪಡೆಯಲ್ಲಿದ್ದವರು. ಬೆನ್ನುಹುರಿಯ ಗೆಡ್ಡೆಗೆ ಆಪರೇಷನ್ ಆಗಿ ಕಾಲಿನ ಸ್ವಾಧೀನ ತಪ್ಪಿತು. ಹೆಂಡತಿ ಫಿಲಿಸ್ ಪತ್ರಿಕೆಯೊಂದರಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿಸಿದ ಮನೆ ನೋಡಿದರು. ಗಂಡ ಸೀದಾ ರೈಟ್‌ಗೇ ಕಾಗದ ಬರೆದರು. ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ಒಪ್ಪಿಕೊಂಡ! 1952ರಲ್ಲಿ ಗೃಹಪ್ರವೇಶ. ಮಹಡಿ ಇಲ್ಲ, ಹೊಸ್ತಿಲಿಲ್ಲ. ಬಾಗಿಲು ಅಗಲ, ಹಿಡಿಕೆಗಳು ಕೈಗೆಟುಕುವಷ್ಟು ಕೆಳಗೆ. ದಂಪತಿ ಅಲ್ಲೇ ಸುಮಾರು 60 ವರ್ಷ ಬಾಳಿದರು. 2014ರಿಂದ ಆ ಮನೆ ಮ್ಯೂಸಿಯಂ.

ಆ 10,000 ಬೆಳೆಯುತ್ತಾ 2025ರ ಆರ್ಥಿಕ ವರ್ಷದಲ್ಲಿ 1,21,812 ಡಾಲರ್ ಮುಟ್ಟಿತು. ನಮ್ಮ ಲೆಕ್ಕಕ್ಕೆ ಕೋಟಿ ರೂಪಾಯಿ. 2020ರ ಕಾನೂನಿನ ಪ್ರಕಾರ ಮಿತಿಯೊಳಗೆ ಆರು ಸಲ ಪಡೆಯಬಹುದು, ಮನೆ ಬದಲಾಯಿಸಿದರೂ ಪರವಾಗಿಲ್ಲ. ಅಂಗವಿಕಲತೆ ಸೇವೆಯಿಂದಲೇ ಬಂದದ್ದು ಅಂತ ರುಜುವಾತಾಗಬೇಕು, ಕಾಗದಪತ್ರದ ಕಾಟ ಅಲ್ಲೂ ತಪ್ಪಿದ್ದಲ್ಲ.

ಕೋಟಿ ಬಿಡಿ. ಆರಂಗುಲದ ಮೆಟ್ಟಿಲಿಗೆ ಆರಡಿ ಉದ್ದದ ಇಳಿಜಾರು, ಮೂರಡಿ ಅಗಲದ ಬಾಗಿಲು, ಕಕ್ಕಸಿನ ಗೋಡೆಗೆ ಗಟ್ಟಿಯಾದೊಂದು ಹಿಡಿಕಂಬಿ. ಇದು ನಮ್ಮೂರ ಗಾರೆಯವರ ನಾಲ್ಕಾರು ದಿನದ ಕೆಲಸ. ಡಿಸೆಂಬರ್ 7ರ ಧ್ವಜ ದಿನಾಚರಣೆಗೆ ಅಂಗಡಿಯವರು ದುಡ್ಡು ಕೊಟ್ಟು ಚೀಟಿ ಅಂಟಿಸಿಕೊಳ್ಳೋದು ಯೋಧರ ಕುಟುಂಬಗಳ ಕಲ್ಯಾಣಕ್ಕೇ. ಬೀದಿಯಲ್ಲಿ ಅಂಥ ಮಾಜಿ ಸೈನಿಕರಿದ್ದರೆ ಡಿಸ್ಚಾರ್ಜ್ ಬುಕ್ಕು, ಮೆಡಿಕಲ್ ಬೋರ್ಡಿನ ಕಾಗದ ಹಿಡಿದು ಯಾರಾದರೂ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ವಿಚಾರಿಸಬಹುದು. ಅವರನ್ನೇ ಕರೆದೊಯ್ಯೋಣವೆಂದರೆ ಬಸ್ಸಿಗೂ ಮೂರು ಮೆಟ್ಟಿಲು!